ಅವರ ಫೋನಿನಲ್ಲಿದ್ದ ನನ್ನ ಕಿವಿ

ನನ್ನ ಕಿವಿ ಹೋದದ್ದು ಗಿರಣಿಯಿಂದ. ತೆಲುಗು ಸೀಮೆಯ ಈ ಲಿಂಗಂಪಲ್ಲಿಯಲ್ಲಿ ನಾವು ಮೊದಲಿದ್ದ ಮನೆಯ ಕೆಳಗೇ ಹಿಟ್ಟಿನ ಗಿರಣಿ ಇಟ್ಟಿದ್ದೆ. ನಮ್ಮ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರಿಗೆಲ್ಲ ಜೋಳ ಬೀಸಿಕೊಡುತ್ತಿದ್ದವಳು ನಾನೇ. ಬೆಳಗಿನಿಂದ ಸಂಜೆಯ ತನಕ ಆ ಕಲ್ಲಿನ ಗರಗರ ಸದ್ದಿನ ಪಕ್ಕ ನಿಂತು, ಅದಕ್ಕಿಂತ ಮೇಲೆ ಕೂಗಿ ಮಾತಾಡಿ, ಕೂಗಿ ಬೈದು, ಕೂಗಿ ನಕ್ಕು ವರ್ಷಗಳು ಹೋದವು. ಗಿರಣಿ ಮಾರಿದ ಮೇಲೆ ತಿಳಿಯಿತು, ಕಿವಿಯನ್ನೂ ಅದರ ಜೊತೆಗೇ ಮಾರಿದ್ದೇನೆ ಅಂತ. ಕೂಗುವ ಬಾಯಿ ಮಾತ್ರ ನನ್ನ ಹತ್ತಿರವೇ ಉಳಿಯಿತು.

ಮನೆಯಲ್ಲಿ ನಾವು ಮೂವರು. ನಾನು, ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದ ನಮ್ಮ ಮನೆಯವರು, ಮತ್ತೆ ಮಗಳು. ಮಗಳು ಲೋಕಲ್ ಟ್ರೇನು ಹತ್ತಿ ಸನತ್‌ನಗರದ ಕಡೆ ಆಫೀಸಿಗೆ ಹೋಗುತ್ತಾಳೆ, ಸಂಜೆ ಬರುತ್ತಾಳೆ. ನನ್ನ ಜೊತೆ ಕೂಗಿ ಕೂಗಿ ಅವಳ ಗಂಟಲು ಕಟ್ಟಿತು. "ಅವ್ವಾ, ನಿನ್ನ ಕೂಡ ಮಾತಾಡಿದ್ರ ಬಾಜೂ ಮನಿಯವ್ರು ಹೂಂ ಅಂತಾರ" ಅಂದಳು. ಅಂದವಳೇ ಕರೆದುಕೊಂಡು ಹೋಗಿ ಕಿವಿಯ ಮಷೀನು ಕೊಡಿಸಿದಳು.

ಕಡಲೆಕಾಯಿಯಷ್ಟು ದೊಡ್ಡವು ಎರಡು, ಕಿವಿಯ ಹಿಂದೆ ಕೂರುತ್ತವೆ. ಬಲಗಿವಿಯದಕ್ಕೆ ಕೆಂಪು ಚುಕ್ಕಿ, ಎಡಗಿವಿಯದಕ್ಕೆ ನೀಲಿ ಚುಕ್ಕಿ. ಗುಂಡಿಯಂಥ ಸಣ್ಣ ಸೆಲ್ಲು ಹಾಕಬೇಕು. ಇವುಗಳ ಸದ್ದು ಜಾಸ್ತಿ ಕಡಿಮೆ ಮಾಡಲು ಫೋನಿನಲ್ಲಿ ಒಂದು ಆ್ಯಪ್ ಇರುತ್ತದೆ. ಆದರೆ ನನ್ನದು ಬಟನ್ ಫೋನು, ಅದರಲ್ಲಿ ಆ್ಯಪ್ ನಡೆಯುವುದಿಲ್ಲ. ದೊಡ್ಡ ಫೋನು ನನಗೆ ಬೇಡ ಅಂತ ಹಟ ಹಿಡಿದೆ. ಮುಟ್ಟಿದರೆ ಸಾಕು ಎಲ್ಲಿಗೋ ಹಾರುವ ಆ ಗಾಜಿನ ಹಲಗೆ ಕಂಡರೆ ನನಗೆ ಆಗುವುದಿಲ್ಲ. ಹಾಗಾಗಿ ಮಗಳು ಆ್ಯಪನ್ನು ಅವರಪ್ಪನ ಫೋನಿಗೆ ಹಾಕಿದಳು. ನನ್ನ ಕಿವಿಯ ಲಗಾಮು ಅವರ ಕೈಗೆ ಹೋಯಿತು.

ಮೊದಮೊದಲು ಅದು ನಗೆಯ ವಿಷಯವಾಗಿತ್ತು. ನಾನು ಬೈಯಲು ಶುರು ಮಾಡಿದರೆ ಅವರು ಮೆಲ್ಲಗೆ ಅಂಗಿಯ ಕಿಸೆಯಿಂದ ಫೋನು ತೆಗೆದು ಬೆರಳು ಕೆಳಗೆ ಎಳೆಯುತ್ತಿದ್ದರು. ಬೈಯುವವಳ ಕಿವಿ ಮುಚ್ಚಿದರೆ ಬೈಗುಳ ನಿಲ್ಲುತ್ತದೆಯೇ? ಆದರೆ ನಿಲ್ಲುತ್ತಿತ್ತು. ನನ್ನ ದನಿ ನನಗೇ ಕೇಳದೆ ಹೋದಾಗ ಬೈಗುಳದ ರುಚಿಯೇ ಕೆಡುತ್ತಿತ್ತು. "ಏರಸ್ರಿ ಅದನ್ನ!" ಅಂತ ಕಿರುಚಿದರೆ ಅವರು ಫೋನು ಕಿಸೆಗೆ ಹಾಕಿಕೊಂಡು, ಏನೂ ತಿಳಿಯದವರ ಹಾಗೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಇನ್ನೊಂದು ತಮಾಷೆಯೂ ಇತ್ತು. ಅವರ ಫೋನಿಗೆ ಕರೆ ಬಂದರೆ ಗಂಟೆ ಬಾರಿಸುವುದು ನನ್ನ ಕಿವಿಯಲ್ಲಿ. ಅವರು ಎತ್ತಿಕೊಂಡು "ಹಲೋ, ಹಲೋ" ಅಂದರೆ ಆ ಕಡೆಯವರ ಮಾತು ಬರುವುದೂ ನನ್ನ ಕಿವಿಗೇ. ಅವರು ಫೋನು ಕೆಟ್ಟಿದೆ ಅಂತ ಸಿಟ್ಟು ಮಾಡಿಕೊಂಡು ಕರೆ ಎತ್ತುವುದನ್ನೇ ಬಿಟ್ಟರು. ನಾನೂ ಬೆಚ್ಚಿಬಿದ್ದು ಕೈಯಲ್ಲಿದ್ದದ್ದನ್ನು ಕೆಳಗೆ ಹಾಕುತ್ತಿದ್ದೆ. ಮಗಳು ಬೇಸತ್ತು ಆ ಫೋನಿನ ಗಂಟೆಯನ್ನೇ ಮುಚ್ಚಿಟ್ಟಳು. ಇದು ಆಮೇಲೆ ನಮ್ಮ ಕುತ್ತಿಗೆಗೇ ಬರುತ್ತದೆ ಅಂತ ಯಾರಿಗೂ ಹೊಳೆಯಲಿಲ್ಲ.

ಅವರ ಮರೆವು ಶುರುವಾದದ್ದು ಇದೇ ದಿನಗಳಲ್ಲಿ. ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟರು. ನಮ್ಮ ಗೇಟಿನ ವಾಚ್‌ಮನ್ ಅವರನ್ನು ಬಸ್‌ಸ್ಟಾಪಿನಿಂದ ಕರೆದುಕೊಂಡು ಬಂದ. ಕಾರ್ಖಾನೆಯ ಬಸ್ಸಿಗೆ ಕಾಯುತ್ತಿದ್ದರಂತೆ. ಆ ಬಸ್ಸು ನಿಂತು ಎಷ್ಟು ಕಾಲವಾಯಿತು, ಇವರು ಮನೆ ಸೇರಿ ಎಷ್ಟು ಕಾಲವಾಯಿತು! ಡಾಕ್ಟರು ತಲೆಯ ಫೋಟೊ ತೆಗೆಸಿ, ಗುಳಿಗೆ ಬರೆದು, ಇನ್ನು ಇವರನ್ನು ಒಬ್ಬರೇ ಹೊರಗೆ ಬಿಡಬೇಡಿ ಅಂದರು.

ಬಿಡಬೇಡಿ ಅನ್ನುವುದು ಸುಲಭ. ಬಾಗಿಲಿಗೆ ಒಳಗಿನಿಂದ ಬೀಗ ಹಾಕಿ ನೋಡಿದೆ. ಅವರು ಬಾಗಿಲು ಬಡಿದು, ಆಮೇಲೆ ಅದಕ್ಕೆ ಹಣೆ ಹಚ್ಚಿ ಅತ್ತರು. ಲಗ್ನವಾದಾಗಿನಿಂದ ನಾನು ಅವರ ಕಣ್ಣಲ್ಲಿ ನೀರು ನೋಡಿದವಳಲ್ಲ. ಬೀಗ ತೆಗೆದು ಬಿಸಾಕಿದೆ.

ಆಗ ನನ್ನ ಕೈಹಿಡಿದದ್ದು ಈ ಮಷೀನಿನ ಒಂದು ಗುಣ. ಫೋನು ಹತ್ತಿರ ಬಂದರೆ ಕಿವಿಯಲ್ಲಿ ಸಣ್ಣಗೆ ಏರುವ ದನಿಯೊಂದು ಕೇಳುತ್ತದೆ, ಟು-ಟೂ-ಟೀ ಅಂತ. ಫೋನು ದೂರ ಹೋದರೆ ಅದೇ ದನಿ ಇಳಿಯುತ್ತದೆ, ಟೀ-ಟೂ-ಟು. ದೂರ ಅಂದರೆ ಒಂದು ಅಂಗಳದಷ್ಟು. ಅವರ ಫೋನು ಯಾವಾಗಲೂ ಅಂಗಿಯ ಕಿಸೆಯಲ್ಲೇ ಇರುತ್ತಿತ್ತು, ನಿದ್ದೆಯಲ್ಲೂ ಅದರ ಮೇಲೆ ಕೈ. ಹಾಗಾಗಿ ಅವರು ಬಾಗಿಲು ದಾಟಿ ಮೆಟ್ಟಿಲು ಇಳಿಯುವ ಹೊತ್ತಿಗೆ ನನ್ನ ಕಿವಿಯಲ್ಲಿ ದನಿ ಇಳಿಯುತ್ತಿತ್ತು. ನಾನು ಸೌಟು ಬಿಟ್ಟು ಓಡುತ್ತಿದ್ದೆ. ಹಸುವಿನ ಕೊರಳಿಗೆ ಗಂಟೆ ಕಟ್ಟುತ್ತಾರಲ್ಲ, ಹಾಗೆ. ಅವರ ಗಂಟೆ ನನ್ನ ಕಿವಿಯಲ್ಲಿತ್ತು ಅಷ್ಟೇ.

ಅದರ ಇನ್ನೊಂದು ತುದಿಯನ್ನು ಮಗಳು ಅವರ ಕೈಗೆ ಕೊಟ್ಟಳು. ನಾನು ಕಣ್ಣೆದುರು ಇಲ್ಲದಿದ್ದರೆ ಸಾಕು, "ಆಕಿ ಎಲ್ಲಿ ಅದಾಳ? ಎಲ್ಲಿ ಹೋದ್ಳು?" ಅಂತ ಅವರು ಮನೆಯೆಲ್ಲ ತಿರುಗುತ್ತಿದ್ದರು. ಮಗಳು ಒಂದು ದಿನ ಅವರ ಪಕ್ಕ ಕೂತು ಆ್ಯಪ್ ತೆರೆದು ತೋರಿಸಿದಳು. ಅದರಲ್ಲಿ ನನ್ನ ಎರಡು ಮಷೀನುಗಳ ಚಿತ್ರ ಇರುತ್ತದೆ. "ಇಲ್ನೋಡಪ್ಪಾ. ಕೆಂಪು ಕಾಣಸ್ತೈತಿ, ನೀಲಿ ಕಾಣಸ್ತೈತಿ. ಎರಡೂ ಹತ್ತಿದ್ದು ಅಂದ್ರ ಅವ್ವ ಇಲ್ಲೇ ಸನೇಕ ಅದಾಳ. ಬೂದಿ ಬಣ್ಣ ಆತಂದ್ರ ಇಲ್ಲ."

ನೂರು ವಿಷಯ ಮರೆತವರು ಅದೊಂದನ್ನು ಮರೆಯಲಿಲ್ಲ. ಕುರ್ಚಿಯಲ್ಲಿ ಕೂತು ಆ ಕೆಂಪು ನೀಲಿಯನ್ನು ನೋಡುತ್ತ "ಅದಾಳ, ಅದಾಳ" ಅಂತ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ನಾನು ಒಲೆಯ ಮುಂದೆ ನಿಂತು ಅದನ್ನು ಕೇಳಿಸಿಕೊಳ್ಳುತ್ತಿದ್ದೆ. ಹೊಟ್ಟೆ ತಣ್ಣಗಾಗುತ್ತಿತ್ತು.

ಆದರೆ ಹೆದರಿಕೆ ಅನ್ನುವುದು ಒಮ್ಮೆ ಮನೆ ಹೊಕ್ಕರೆ ಮೂಲೆ ಹಿಡಿದು ಕೂರುತ್ತದೆ. ಅವರು ಬಾಲ್ಕನಿಗೆ ಹೋದರೆ ದನಿ ಇಳಿಯುತ್ತಿತ್ತು, ನಾನು ಹಿಂದೆಯೇ ಹೋಗಿ ಇಣುಕುತ್ತಿದ್ದೆ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಇಳಿಯುತ್ತಿತ್ತು, ಬಂದರೆ ಏರುತ್ತಿತ್ತು. ದನಿ ಇಳಿದು ಏರುವ ತನಕ ನಾನು ಬೇರೆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಮಾತು ಕೇಳಲಿ ಅಂತ ತಂದ ಮಷೀನಿನಲ್ಲಿ ನಾನು ಬೇರೆ ಯಾವ ಮಾತನ್ನೂ ಗಮನವಿಟ್ಟು ಕೇಳುವುದನ್ನೇ ಬಿಟ್ಟೆ. ಯಾರಾದರೂ ಬಂದು ಸುಖದುಃಖ ಹೇಳುತ್ತಿದ್ದರೆ ನನ್ನ ಜೀವವೆಲ್ಲ ಆ ಮೂರು ಸ್ವರಕ್ಕೇ ಜೋತುಬಿದ್ದಿರುತ್ತಿತ್ತು.

ಈಗ ಆ ದಿನದ ಮಾತು.

ನಮ್ಮದು ಜೋಳದ ರೊಟ್ಟಿಯ ಮನೆ. ನಾನು ರೊಟ್ಟಿ ತಟ್ಟುವವಳಲ್ಲ, ಬಡಿಯುವವಳು. ನನ್ನ ರೊಟ್ಟಿಯ ಸದ್ದು ಬೀದಿಯ ತುದಿಗೆ ಕೇಳುತ್ತದೆ ಅಂತ ಗಿರಣಿಗೆ ಬರುವ ಹೆಣ್ಣುಮಕ್ಕಳು ಚೇಷ್ಟೆ ಮಾಡುತ್ತಿದ್ದರು. ಆದರೆ ಮಷೀನು ಹಾಕಿಕೊಂಡು ರೊಟ್ಟಿ ಬಡಿದರೆ ಒಂದೊಂದು ಏಟೂ ತಲೆಯೊಳಗೆ ಪಟಾಕಿ ಹಾರಿಸಿದಂತೆ ಆಗುತ್ತದೆ. ಮೇಲೆ ಹಂಚಿನ ಝಳ, ಬೆವರು, ಗಾಳಿಯಲ್ಲೆಲ್ಲ ಹಿಟ್ಟು. ಅದಕ್ಕೇ ರೊಟ್ಟಿಯ ಹೊತ್ತಿಗೆ ಮಾತ್ರ ಅವನ್ನು ತೆಗೆದು, ಸೆಲ್ಲು ಉಳಿಯಲಿ ಅಂತ ಸೆಲ್ಲಿನ ಬಾಗಿಲು ತೆರೆದು, ಸ್ಟೀಲಿನ ಡಬ್ಬಿಯಲ್ಲಿ ಇಡುವುದು ನನ್ನ ರೂಢಿ. ರೊಟ್ಟಿಯ ಕೆಲಸವನ್ನು ದಿನಾ ಮಗಳು ಆಫೀಸಿಗೆ ಹೊರಡುವ ಮುಂಚೆಯೇ ಮುಗಿಸುತ್ತಿದ್ದೆ, ಆಗ ಅವರ ಮೇಲೆ ಅವಳ ಕಣ್ಣಿರುತ್ತಿತ್ತು. ಅವತ್ತು ಗ್ಯಾಸು ಮುಗಿದು, ಹೊಸ ಸಿಲಿಂಡರ್ ಬರುವಷ್ಟರಲ್ಲಿ ಮಗಳು ಹೋಗಿಯಾಗಿತ್ತು. ಅವರು ಕುರ್ಚಿಯಲ್ಲಿ ಕೂತಿದ್ದರು, ಫೋನು ಕೈಯಲ್ಲಿತ್ತು. ನಾಲ್ಕು ರೊಟ್ಟಿ ಬಡಿಯುವುದಕ್ಕೆ ಎಷ್ಟು ಹೊತ್ತು ಅಂತ ಡಬ್ಬಿಯ ಮುಚ್ಚಳ ಹಾಕಿದೆ.

ನನ್ನ ಮಷೀನಿನ ಸೆಲ್ಲಿನ ಬಾಗಿಲು ತೆರೆದರೆ ಅವರ ಫೋನಿನಲ್ಲಿ ಕೆಂಪೂ ನೀಲಿಯೂ ಆರಿ ಬೂದಿ ಬಣ್ಣ ಆಗುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಗೊತ್ತಾಗಲು ಸಾಧ್ಯವೂ ಇರಲಿಲ್ಲ, ಆ ಫೋನನ್ನು ನಾನು ನೋಡುತ್ತಲೇ ಇರಲಿಲ್ಲವಲ್ಲ.

ಕೈ ತೊಳೆದು ಮಷೀನು ಹಾಕಿಕೊಂಡೆ. ಎಂದಿನಂತೆ ಏರುವ ದನಿಗೆ ಕಾದೆ. ಫ್ಯಾನಿನ ಸದ್ದು ಬಂತು. ಹಂಚು ಆರುವ ಚಿಟಿಚಿಟಿ ಬಂತು. ದನಿ ಬರಲಿಲ್ಲ.

ಪಡಸಾಲೆಗೆ ಹೋದೆ. ಕುರ್ಚಿ ಖಾಲಿ. ಬಾಗಿಲು ಹಾರು ಹೊಡೆದಿತ್ತು. ಬಚ್ಚಲು, ಬಾಲ್ಕನಿ, ಮಗಳ ಕೋಣೆ ಎಲ್ಲ ನೋಡಿದೆ, ಕೊನೆಗೆ ಹುಚ್ಚಿಯ ಹಾಗೆ ಮಂಚದ ಕೆಳಗೂ ಬಗ್ಗಿ ನೋಡಿದೆ. ಬಾಗಿಲ ಪಕ್ಕದ ಮೊಳೆಯಲ್ಲಿ ನನ್ನ ತರಕಾರಿ ಚೀಲ ತೂಗುತ್ತಿರುತ್ತದೆ, ಎರಡು ಹಿಡಿಕೆಯ ಗೋಣಿ ಚೀಲ. ಅದೂ ಇರಲಿಲ್ಲ.

ನನ್ನ ಬಟನ್ ಫೋನಿನಿಂದ ಅವರಿಗೆ ಹಚ್ಚಿದೆ. ರಿಂಗು ಹೋಯಿತು, ಹೋಗುತ್ತಲೇ ಇತ್ತು. ಗಂಟೆ ಮುಚ್ಚಿದ ಫೋನನ್ನು ಯಾರು ಎತ್ತುತ್ತಾರೆ? ಮಗಳಿಗೆ ಹಚ್ಚಿದೆ. "ಅವ್ವಾ, ನೀ ಮನಿ ಬಿಟ್ಟು ಹೋಗಬ್ಯಾಡ, ಈಗ ಟ್ರೇನು ಹತ್ತತೀನಿ" ಅಂದಳು. ಅವಳು ಬರುವ ತನಕ ನಾನು ಕುರ್ಚಿ ನೋಡುತ್ತ ಕೂರಬೇಕೇ? ಚಪ್ಪಲಿ ಮೆಟ್ಟಿ ಇಳಿದೆ.

ಗೇಟಿನಲ್ಲಿ ವಾಚ್‌ಮನ್ ತಂಬಾಕು ತಿಕ್ಕುತ್ತ ನಿಂತಿದ್ದ. "ಪೆದ್ದಾಯನ ಇಪ್ಪುಡೇ ಪೋಯಾರು ಕದಮ್ಮಾ, ಸಂಚಿ ಪಟ್ಟುಕೊನಿ" ಅಂದ. ಯಜಮಾನರು ಚೀಲ ಹಿಡಿದುಕೊಂಡು ಈಗ ತಾನೇ ಹೋದರಲ್ಲ ಅಂತ. ನಾನು ಮುಂದೆ ಹೋಗಿದ್ದೇನೆ, ಅವರು ಹಿಂದಿನಿಂದ ಚೀಲ ತರುತ್ತಿದ್ದಾರೆ ಅಂದುಕೊಂಡನಂತೆ. ಅವನನ್ನು ಬೈಯಲೂ ನಿಲ್ಲದೆ ಗೇಟು ದಾಟಿದೆ.

ಚೀಲ ಅಂದ ಮೇಲೆ ತರಕಾರಿ ಸಂತೆ. ತರಕಾರಿ ಸಂತೆ ಅಂದರೆ ಸ್ಟೇಷನ್ನಿನ ಮಗ್ಗುಲು. ಸ್ಟೇಷನ್ನು ಅಂದರೆ ಹಳಿ. ನನ್ನ ತಲೆ ನೆಟ್ಟಗೆ ಹಳಿಗೇ ಹೋಗಿ ನಿಂತಿತು. ದಾರಿಯುದ್ದಕ್ಕೂ ಹಿಂದಿನಿಂದ ನೋಡಿದರೆ ಅವರಂತೆಯೇ ಕಾಣುವ ಗಂಡಸರು. ಬಿಳಿ ಅಂಗಿ, ನರೆತ ತಲೆ, ತುಸು ಬಗ್ಗಿದ ಹೆಗಲು. ಈ ಊರಿನಲ್ಲಿ ಇಷ್ಟು ಜನ ಮುದುಕರು ಇದ್ದಾರೆ ಅಂತ ನನಗೆ ಅವತ್ತೇ ತಿಳಿದದ್ದು. "ರೀ!" ಅಂತ ಗಿರಣಿಯ ದನಿ ತೆಗೆದೆ. ನಾಲ್ಕು ಮಂದಿ ತಿರುಗಿದರು, ಯಾರೂ ನನ್ನವರಲ್ಲ.

ಸಂತೆಯಲ್ಲಿ ಸದ್ದುಗಳೆಲ್ಲ ಒಟ್ಟಿಗೆ ಕಿವಿಗೆ ನುಗ್ಗಿದವು. ಆಟೋ ಹಾರ್ನು, ತೆಲುಗಿನಲ್ಲಿ ಟೊಮೆಟೊ ದರ, ಸ್ಟೇಷನ್ನಿನ ಮೈಕು. ಇಂಥ ಗದ್ದಲದಲ್ಲಿ ಸದ್ದು ತಗ್ಗಿಸುವ ಗುಂಡಿಯೊಂದು ಆ್ಯಪಿನಲ್ಲಿ ಇದೆ. ಆ್ಯಪ್ ಅವರ ಕಿಸೆಯಲ್ಲಿದೆ. ತಲೆ ಸಿಡಿಯುತ್ತಿತ್ತು. ಮಷೀನು ಕಿತ್ತು ಮುಷ್ಟಿಯಲ್ಲಿ ಹಿಡಿಯೋಣ ಅನ್ನಿಸಿತು. ಆದರೆ ಅವರ ಸುಳಿವು ಬಂದರೆ ಅದರಲ್ಲೇ ಬರಬೇಕು. ಹಲ್ಲು ಕಚ್ಚಿ ನಡೆದೆ.

ಸೊಪ್ಪಿನ ಸಾಲು ದಾಟುವಾಗ ಕಿವಿಯಲ್ಲಿ ಬಂತು. ಟು-ಟೂ-ಟೀ.

ನಿಂತಲ್ಲೇ ನಿಂತೆ. ಇಲ್ಲೇ ಇದ್ದಾರೆ, ಒಂದು ಅಂಗಳದೊಳಗೆ. ಸುತ್ತ ತಿರುಗಿದೆ. ಮೆಂತ್ಯದ ರಾಶಿ, ಕೊತ್ತಂಬರಿಗೆ ನೀರು ಚಿಮುಕಿಸುವ ಹೆಂಗಸು, ಚೌಕಾಸಿ ಮಾಡುವ ಜನ. ಅವರಿಲ್ಲ. ಮುಂದೆ ಹೋದೆ, ದನಿ ಇಳಿಯಿತು. ಓಡಿ ಹಿಂದೆ ಬಂದೆ, ಏರಿತು. ಬಲಕ್ಕೆ ಹೋದೆ, ಇಳಿಯಿತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡುವ ಮಕ್ಕಳ ಹಾಗೆ ಆ ಸಂತೆಯಲ್ಲಿ ಹೋಗಿ ಬಂದು ಮಾಡಿದೆ. ಅಷ್ಟರಲ್ಲಿ ಬಲಗಿವಿಯಲ್ಲಿ ಬೇರೊಂದು ಸದ್ದು ಶುರುವಾಯಿತು. ಟುಂ, ಟುಂ, ಟುಂ. ಸೆಲ್ಲು ಮುಗಿಯುತ್ತಿದೆ ಅನ್ನುವ ಎಚ್ಚರಿಕೆ. ಹೊಸ ಸೆಲ್ಲು ಮನೆಯಲ್ಲಿ, ಕನ್ನಡಿಯ ಕೆಳಗಿನ ಖಾನೆಯಲ್ಲಿತ್ತು.

ಆಗ ಇನ್ನೊಂದು ಯೋಚನೆ ಬಂತು. ಈ ದನಿ ಹೇಳುವುದು ಫೋನು ಇಲ್ಲಿದೆ ಅಂತ. ಅವರು ಇಲ್ಲಿದ್ದಾರೆ ಅಂತ ಅಲ್ಲ. ಫೋನು ಯಾರದೋ ಕೈ ಸೇರಿರಬಹುದು. ಎಲ್ಲೋ ಬಿದ್ದಿರಬಹುದು. ನಾನು ಕೆಳಗೆ ನೋಡತೊಡಗಿದೆ, ಕೊಳೆತ ಎಲೆಗಳ ನಡುವೆ, ಗಾಡಿಗಳ ಚಕ್ರದ ಬುಡದಲ್ಲಿ. ದೇವರೇ, ಫೋನು ಮಾತ್ರ ಸಿಗುವುದು ಬೇಡ ಅಂತ ಬೇಡಿಕೊಂಡೆ.

ಸೊಪ್ಪಿನ ಸಾಲಿನ ಹಿಂದೆ ಸ್ಟೇಷನ್ನಿನ ಮೇಲ್ಸೇತುವೆಯ ಮೆಟ್ಟಿಲುಗಳಿವೆ. ಅಡ್ಡ ಕಟ್ಟಿದ ತಾಡಪತ್ರಿಯನ್ನು ಸರಿಸಿ ನೋಡಿದೆ. ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದರು. ಮಡಿಲಲ್ಲಿ ಖಾಲಿ ಚೀಲ, ಎರಡೂ ಕೈಯಲ್ಲಿ ಫೋನು, ಕಣ್ಣು ಅದರ ಮೇಲೆ.

"ರೀ!" ಅಂದೆ. ಅಳುವೂ ಸಿಟ್ಟೂ ಒಟ್ಟಿಗೆ ಬಂದವು. ಒಂದು ಬಾರಿಸಿಬಿಡಬೇಕು, ಆಮೇಲೆ ಕಾಲು ಹಿಡಿಯಬೇಕು ಅನ್ನಿಸಿತು.

ಅವರು ತಲೆಯೆತ್ತಿದರು. ನನ್ನನ್ನು ನೋಡಿದರು. ನೋಡಿ ಎದ್ದು ನಿಂತರು, ಗುರುತಿಲ್ಲದ ಹೆಣ್ಣುಮಗಳು ಎದುರು ಬಂದಾಗ ಮರ್ಯಾದಸ್ಥ ಗಂಡಸು ಎದ್ದು ನಿಲ್ಲುವ ಹಾಗೆ.

"ಅಕ್ಕಾರ," ಅಂದರು, "ನಿಮಗ ತ್ರಾಸ ಕೊಡ್ತೀನಂತ ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮ ಮನಿಯಾಕಿನ ಎಲ್ಲೆರ ನೋಡೀರೇನ್ರಿ? ಆಕಿಗೆ ಕಿವಿ ಕೇಳಂಗಿಲ್ರಿ. ಕರೆದ್ರ ಓ ಅನ್ನಂಗಿಲ್ಲ. ಮನ್ಯಾಗ ಬೂದಿ ಬಣ್ಣ ಆಗಿಬಿಡ್ತು, ಅದಕ್ಕ ಹುಡುಕ್ಕೊಂಡು ಬಂದೀನಿ." ಫೋನನ್ನು ನನ್ನ ಕಡೆ ತಿರುಗಿಸಿದರು. "ಇದ್ರಾಗ ನೋಡಿದ್ರ ಇಲ್ಲೇ ಅದಾಳಂತ ತೋರಸಾಕತ್ತೈತಿ. ಕೆಂಪು ಬಂದೈತಿ, ನೀಲಿ ಬಂದೈತಿ. ಆದ್ರ ಆಕಿ ಎಲ್ಲೂ ಕಾಣವಲ್ಲಳು."

ಫೋನು ನನ್ನ ಗುರುತು ಹಿಡಿದಿತ್ತು. ಎರಡು ಚುಕ್ಕಿಗಳು ಬೆಳಗುತ್ತಿದ್ದವು. ಅದನ್ನು ಹಿಡಿದವರು ನನ್ನ ಮುಖ ನೋಡುತ್ತ ನನ್ನನ್ನೇ ಕೇಳುತ್ತಿದ್ದರು. ಅದಕ್ಕೂ ಮುಂಚೆ ಬೀಗದ ಹೆದರಿಕೆ, ಹಳಿಯ ಹೆದರಿಕೆ ಎಲ್ಲ ಕಂಡಿದ್ದೆ. ಇಂಥ ಹೆದರಿಕೆ ಕಂಡಿರಲಿಲ್ಲ.

"ನಾನೇರೀ, ನಾನೇ" ಅಂತ ಕೈ ಹಿಡಿದೆ. ಅವರು ಬೆದರಿ ಕೈ ಕಿತ್ತುಕೊಂಡು ಒಂದು ಮೆಟ್ಟಿಲು ಮೇಲೆ ಸರಿದರು. "ಹಂಗ ಮಾಡಬ್ಯಾಡ್ರಿ ಅಕ್ಕಾರ, ಮಂದಿ ನೋಡ್ತಾರ" ಅಂದರು. ಮೇಲಿನ ಮೆಟ್ಟಿಲ ಆಚೆ ಪ್ಲಾಟ್‌ಫಾರಂ, ಅದರಾಚೆ ಹಳಿ. ಇನ್ನೊಂದು ಸಲ ಕೈ ಹಾಕಿದರೆ ಓಡಿಯೇ ಹೋಗುತ್ತಾರೆ. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

"ನೋಡೀನ್ರಿ ನಿಮ್ಮ ಮನಿಯಾಕಿನ" ಅಂದೆ. "ಮನ್ಯಾಗ ಅದಾಳ. ನಿಮ್ಮ ದಾರಿ ನೋಡಾಕತ್ತಾಳ. ಬರ್ರಿ, ನಾ ಆ ಕಡೀಗೇ ಹೊಂಟೀನಿ."

ಅವರ ಮುಖ ಅರಳಿತು. "ಪುಣ್ಯಾ ಬರಲ್ರಿ ನಿಮಗ" ಅಂದರು.

ಹೊರಟೆವು. ಪರಸ್ತ್ರೀಯ ಜೊತೆ ನಡೆಯುವ ಮರ್ಯಾದೆ ಅವರಿಗೆ ಮರೆತಿರಲಿಲ್ಲ. ನಾನು ಮುಂದೆ, ಅವರು ಒಂದೆರಡು ಮಾರು ಬಿಟ್ಟು ಹಿಂದೆ. ನಾನು ನಿಂತರೆ ಅವರೂ ನಿಲ್ಲುತ್ತಿದ್ದರು, ಹತ್ತಿರ ಬರುತ್ತಿರಲಿಲ್ಲ. ತಿರುತಿರುಗಿ ನೋಡಿದರೆ ಮುಜುಗರಪಟ್ಟು ಇನ್ನಷ್ಟು ಹಿಂದೆ ಉಳಿಯುತ್ತಿದ್ದರು. ಅದಕ್ಕೇ ತಿರುಗದೆ ನಡೆದೆ, ಕಿವಿಯ ಮೇಲೆ ಭಾರ ಹಾಕಿ. ದನಿ ಇಳಿಯದಿದ್ದರೆ ಅವರು ಹಿಂದೆ ಇದ್ದಾರೆ. ಬಲಗಿವಿಯ ಟುಂ ಟುಂ ನಡುವೆ ಅದೊಂದೇ ಧೈರ್ಯ.

ದೊಡ್ಡ ರಸ್ತೆಯ ಅಂಚಿಗೆ ಬರುವಷ್ಟರಲ್ಲಿ ಬಲಗಿವಿ ಸತ್ತಿತು.

"ಅಕ್ಕಾರ!" ಅಂತ ಹಿಂದಿನಿಂದ ಕೂಗು, ಎಡಗಿವಿಗೆ ಮಾತ್ರ. ತಿರುಗಿದೆ. ಅವರು ಫೋನನ್ನು ಎತ್ತಿ ಹಿಡಿದು ನಿಂತಿದ್ದರು. "ಕೆಂಪು ಹೋತ್ರಿ! ಆಕಿಗೆ ಏನೋ ಆಗೈತಿ!"

"ಏನೂ ಆಗಿಲ್ರಿ, ಸೆಲ್ಲು ಮುಗದಿರಬೇಕು" ಅಂದೆ. ಅಷ್ಟರಲ್ಲಿ ಎಡಗಿವಿಯಲ್ಲೂ ಟುಂ ಟುಂ ಶುರುವಾಯಿತು. ಎರಡಕ್ಕೂ ಒಂದೇ ದಿನ ಸೆಲ್ಲು ಹಾಕಿದವಳು ನಾನೇ ತಾನೆ. ಎದುರಿಗೆ ಬಸ್ಸು, ಆಟೋ, ನುಗ್ಗುವ ಬೈಕು. ಇದೂ ಹೋದರೆ ನನ್ನ ಹಿಂದೆ ಅವರಿದ್ದಾರೋ ಇಲ್ಲವೋ ನನಗೆ ಗೊತ್ತಾಗುವ ದಾರಿಯೇ ಇಲ್ಲ. ಅವರು ಕೈ ಕೊಡುವುದಿಲ್ಲ.

ನನ್ನ ಕಣ್ಣು ಚೀಲದ ಮೇಲೆ ಬಿತ್ತು.

"ಭಾಳ ವಜ್ಜ ಐತಿ ಅನಸ್ತದ, ಒಂದು ಹಿಡಕಿ ನನ್ನ ಕಡೆ ಕೊಡ್ರಿ" ಅಂದೆ. ಖಾಲಿ ಚೀಲ. ಅವರು ಚೀಲ ನೋಡಿದರು, ನನ್ನನ್ನು ನೋಡಿದರು. ದಾರಿಯಲ್ಲಿ ಸಿಕ್ಕ ಹೆಣ್ಣುಮಗಳು ಭಾರ ಹಂಚಿಕೊಳ್ಳುತ್ತೇನೆ ಅಂದರೆ ಅದರಲ್ಲಿ ತಪ್ಪೇನಿದೆ ಅನ್ನಿಸಿರಬೇಕು. ಫೋನು ಕಿಸೆಗೆ ಹಾಕಿ ಒಂದು ಹಿಡಿಕೆ ನನಗೆ ಕೊಟ್ಟರು, ಇನ್ನೊಂದನ್ನು ತಾವು ಗಟ್ಟಿಯಾಗಿ ಹಿಡಿದರು.

ರಸ್ತೆ ಅರ್ಧ ದಾಟುವಷ್ಟರಲ್ಲಿ ಎಡಗಿವಿಯೂ ಹೋಯಿತು. ಹತ್ತಿ ತುರುಕಿದಂತೆ ಎಲ್ಲ ಮುಚ್ಚಿಕೊಂಡಿತು. ಬಸ್ಸುಗಳು ಸದ್ದಿಲ್ಲದೆ ನುಗ್ಗಿ ಬರುತ್ತಿದ್ದವು. ಆದರೆ ಹಿಡಿಕೆಯಲ್ಲಿ ಆ ಕಡೆಯಿಂದ ಎಳೆತ ಇತ್ತು. ಅವರು ನಿಧಾನ ಮಾಡಿದರೆ ಕೈಗೆ ತಿಳಿಯುತ್ತಿತ್ತು.

ಆಚೆ ಸೇರಿ ನಮ್ಮ ಬೀದಿಗೆ ತಿರುಗಿದ ಮೇಲೆ ಓರೆಗಣ್ಣಿನಿಂದ ನೋಡಿದೆ. ಅವರ ತುಟಿ ಆಡುತ್ತಿತ್ತು. ಹೆದರಿಕೆ ಹೋಗಿ ಉಮೇದಿನಲ್ಲಿ ಮಾತಾಡುತ್ತಿದ್ದರು. ಒಮ್ಮೆ ತಮ್ಮ ಕಿವಿ ಮುಟ್ಟಿ ತೋರಿಸಿದರು. ಒಮ್ಮೆ ಅಂಗೈ ಬಿಚ್ಚಿ ಗಾಳಿಯಲ್ಲಿ ರೊಟ್ಟಿ ಬಡಿದರು, ಬಡಿದು ನಕ್ಕರು. ಆಮೇಲೆ ನಗು ನಿಲ್ಲಿಸಿ, ನೆಲ ನೋಡುತ್ತ, ಏನೋ ಒಂದು ಮಾತನ್ನು ಮೆಲ್ಲಗೆ, ಬಹಳ ಹೊತ್ತು ಹೇಳಿದರು. ಲಗ್ನವಾದಾಗಿನಿಂದ ನನ್ನ ಎದುರು ನನ್ನ ಬಗ್ಗೆ ಅಷ್ಟು ಮಾತಾಡಿದವರಲ್ಲ.

ಮನೆಯ ಗೇಟು ಬರುವ ತನಕ ನಾನು ಹೂಂ, ಹೂಂ ಅನ್ನುತ್ತ ಬಂದೆ. ಒಂದಕ್ಷರವೂ ಕೇಳಲಿಲ್ಲ.